ಕುತ್ತಿಗೆಯಲ್ಲಿ ಗಂಟು ಕಂಡರೆ: ಟಿಎಸ್‌ಎಚ್ ನಾರ್ಮಲ್ ಅಂತ ಸುಮ್ಮನಾಗಬೇಡಿ, ಕ್ಯಾನ್ಸರ್ ಅಂತ ಹೆದರಲೂ ಬೇಡಿ

ರಾಜಾಜಿನಗರದಲ್ಲಿ ನಮ್ಮ ನೆಂಟರ ಮನೆಯ ಗೃಹಪ್ರವೇಶ. ಊಟಕ್ಕೆ ಚಿಕ್ಕಮ್ಮ ನನ್ನ ಪಕ್ಕದಲ್ಲೇ ಕೂತಿದ್ದರು. ಅವರು ಲೋಟ ಎತ್ತಿ ನೀರು ಕುಡಿದಾಗ ಕುತ್ತಿಗೆಯ ಬಲಗಡೆ ಒಂದು ಉಬ್ಬು ಮೇಲೆ ಹೋಗಿ ಕೆಳಗೆ ಬಂತು. ಎದುರು ಸಾಲಿನಲ್ಲಿದ್ದ ಅಜ್ಜಿಯೊಬ್ಬರ ಕಣ್ಣಿಗೂ ಅದು ಬಿತ್ತು. "ಏನಮ್ಮಾ, ಕುತ್ತಿಗೆ ಊದಿದ ಹಾಗಿದೆಯಲ್ಲಾ?" ಅಂದರು. ಚಿಕ್ಕಮ್ಮ ತಕ್ಷಣ, "ಥೈರಾಯ್ಡ್ ಟೆಸ್ಟ್ ಮಾಡಿಸಿದೀನಿ ಅಜ್ಜಿ, ಎಲ್ಲಾ ನಾರ್ಮಲ್ ಇದೆ" ಅಂದರು.

ಅವರು ಹೇಳಿದ್ದು ನಿಜ. ಒಂದೂವರೆ ವರ್ಷದ ಹಿಂದೆ ಹೆಲ್ತ್ ಚೆಕಪ್ ಪ್ಯಾಕೇಜ್‌ನಲ್ಲಿ ಟಿಎಸ್‌ಎಚ್ ಅನ್ನುವ ಥೈರಾಯ್ಡ್ ರಕ್ತ ಪರೀಕ್ಷೆ ಮಾಡಿಸಿದ್ದರು. ರಿಪೋರ್ಟ್ ಸರಿಯಾಗಿಯೇ ಇತ್ತು. ಕುತ್ತಿಗೆ ಸ್ವಲ್ಪ ದಪ್ಪ ಅನಿಸುತ್ತಿದೆ ಅಂತ ಚಿಕ್ಕಮ್ಮ ಆಗಲೇ ಹೇಳಿದ್ದರಂತೆ. ರಿಪೋರ್ಟ್ ನೋಡಿದವರು "ಥೈರಾಯ್ಡ್ ನಾರ್ಮಲ್, ಏನೂ ಇಲ್ಲ" ಅಂದುಬಿಟ್ಟರು. ಕುತ್ತಿಗೆಯನ್ನು ಕೈಯಿಂದ ಮುಟ್ಟಿ ನೋಡಲಿಲ್ಲ. ನಮ್ಮ ಮನೆಯವರೆಲ್ಲ ಆ ಮಾತು ನಂಬಿಕೊಂಡು ಕೂತೆವು. ಹೀಗೆ ಒಂದೂವರೆ ವರ್ಷ ಕಳೆದುಹೋಯಿತು.

ನಾನು ಡಾಕ್ಟರ್ ಅಲ್ಲ. ಆದರೆ ಆಮೇಲಿನ ಒಂದು ವರ್ಷ ಚಿಕ್ಕಮ್ಮನ ಜೊತೆ ಓಪಿಡಿ, ಸ್ಕ್ಯಾನಿಂಗ್, ಲ್ಯಾಬ್, ಆಪರೇಷನ್ ವಾರ್ಡ್ ಎಲ್ಲ ಕಡೆ ಓಡಾಡಿದೆ. ಕಂಡ ಡಾಕ್ಟರ್‌ಗಳನ್ನೆಲ್ಲ ಪ್ರಶ್ನೆ ಕೇಳಿದೆ, ಬರೆದುಕೊಂಡೆ, ಓದಿದೆ. ಬೇರೆಯವರ ಮನೆಯಲ್ಲಿ ಆ ಒಂದೂವರೆ ವರ್ಷ ಹಾಳಾಗದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಇಡಿ

ಥೈರಾಯ್ಡ್ ಗ್ರಂಥಿ ಕುತ್ತಿಗೆಯ ಮುಂಭಾಗದಲ್ಲಿ, ಶ್ವಾಸನಾಳಕ್ಕೆ ಅಂಟಿಕೊಂಡು ಚಿಟ್ಟೆಯ ಹಾಗೆ ಕೂತಿರುತ್ತದೆ. ಇದರ ಬಗ್ಗೆ ಎರಡು ಪ್ರಶ್ನೆ ಕೇಳಬಹುದು. ಒಂದು, ಅದು ಕೆಲಸ ಸರಿಯಾಗಿ ಮಾಡುತ್ತಿದೆಯಾ? ಇನ್ನೊಂದು, ಅದರೊಳಗೆ ಗಂಟು ಬೆಳೆದಿದೆಯಾ, ಬೆಳೆದಿದ್ದರೆ ಅದು ಎಂಥ ಗಂಟು?

ಟಿಎಸ್‌ಎಚ್ ರಕ್ತ ಪರೀಕ್ಷೆ ಮೊದಲನೆಯ ಪ್ರಶ್ನೆಗೆ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ಅದರಲ್ಲಿ ಉತ್ತರ ಸಿಗುವುದಿಲ್ಲ. ಮನೆಗೆ ಕರೆಂಟ್ ಬರುತ್ತಿದೆ ಅಂದ ಮಾತ್ರಕ್ಕೆ ಗೋಡೆಯಲ್ಲಿ ಬಿರುಕಿಲ್ಲ ಅಂತ ಹೇಳೋಕಾಗುತ್ತಾ? ಥೈರಾಯ್ಡ್ ಕ್ಯಾನ್ಸರ್ ಇರುವವರಲ್ಲೂ ಹೆಚ್ಚಿನವರ ಟಿಎಸ್‌ಎಚ್ ಪೂರ್ತಿ ನಾರ್ಮಲ್ ಇರುತ್ತದೆ. ಇದೊಂದು ಮಾತು ನಮಗೆ ಮೊದಲೇ ಯಾರಾದರೂ ಹೇಳಿದ್ದರೆ ಎಂದು ಇವತ್ತಿಗೂ ಅನಿಸುತ್ತದೆ.

ಇದಕ್ಕೆ ಉಲ್ಟಾ ಕೂಡ ಅಷ್ಟೇ ನಿಜ. ಗಂಟು ಇದೆ ಅಂದರೆ ಕ್ಯಾನ್ಸರ್ ಅಂತಲ್ಲ. ಕೈಗೆ ಸಿಗುವಂಥ ಥೈರಾಯ್ಡ್ ಗಂಟು ನೂರು ಜನ ದೊಡ್ಡವರಲ್ಲಿ ಸುಮಾರು ಐದು ಜನರಿಗೆ ಇರುತ್ತದೆ. ಸ್ಕ್ಯಾನ್ ಮಾಡಿ ಹುಡುಕಿದರೆ, 60 ದಾಟಿದವರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನಕ್ಕೆ ಒಂದಾದರೂ ಸಿಗುತ್ತದೆ. ಹೆಂಗಸರಲ್ಲಿ ಜಾಸ್ತಿ. ಇಂಥ ನೂರು ಗಂಟುಗಳಲ್ಲಿ ಕ್ಯಾನ್ಸರ್ ಇರುವುದು 5ರಿಂದ 10, ಕೆಲವು ಲೆಕ್ಕದಲ್ಲಿ 15. ಉಳಿದವು ಅಂಟಿನಂಥ ದ್ರವ ತುಂಬಿದ ಕೊಲಾಯ್ಡ್ ಗಂಟು, ನೀರು ತುಂಬಿದ ಸಿಸ್ಟ್, ಹಶಿಮೋಟೊ ಅನ್ನುವ ಉರಿಯೂತದಿಂದ ಆದ ಊತ, ಹೀಗೆ.

ಹೆಜ್ಜೆ 1: ಕನ್ನಡಿ, ಒಂದು ಲೋಟ ನೀರು

ಬೆಳಕು ಚೆನ್ನಾಗಿರುವ ಕಡೆ ಕನ್ನಡಿ ಮುಂದೆ ನಿಲ್ಲಿ. ಸರ, ದುಪಟ್ಟಾ ತೆಗೆದಿಡಿ. ಗದ್ದ ಸ್ವಲ್ಪ ಮೇಲೆತ್ತಿ ಒಂದು ಗುಟುಕು ನೀರು ನುಂಗಿ. ಗಂಡಸರಲ್ಲಿ ಎದ್ದು ಕಾಣುವ ಗಂಟಲಿನ ಗಟ್ಟಿ ಉಬ್ಬು ಇದೆಯಲ್ಲ, ಅದು ಎಲ್ಲರಿಗೂ ಇರುತ್ತದೆ, ಅದು ಗಂಟಲ್ಲ. ಅದಕ್ಕಿಂತ ಕೆಳಗೆ, ಕಾಲರ್ ಬೋನ್‌ಗಿಂತ ಮೇಲೆ ನೋಡಿ. ನುಂಗಿದಾಗ ಅಲ್ಲಿ ಏನಾದರೂ ಉಬ್ಬು ಮೇಲೆ ಹೋಗಿ ಕೆಳಗೆ ಬಂದರೆ ಅದು ಥೈರಾಯ್ಡ್‌ನದ್ದೇ ಇರಬಹುದು. ಗ್ರಂಥಿ ಶ್ವಾಸನಾಳಕ್ಕೆ ಅಂಟಿರುವುದರಿಂದ ಅದರ ಜೊತೆಗೇ ಚಲಿಸುತ್ತದೆ. ಚರ್ಮದ ಕೆಳಗಿನ ಕೊಬ್ಬಿನ ಗಂಟು ಹೀಗೆ ಚಲಿಸುವುದಿಲ್ಲ.

ಕುತ್ತಿಗೆಯ ಪಕ್ಕದಲ್ಲಿ, ಕಿವಿಯ ಕೆಳಗಿನಿಂದ ಭುಜದವರೆಗಿನ ಸಾಲಿನಲ್ಲಿ ಸಣ್ಣ ಗಂಟು ಸಿಕ್ಕರೆ ಅದು ಲಿಂಫ್ ನೋಡ್ (ಸೋಂಕಿನ ವಿರುದ್ಧ ಕೆಲಸ ಮಾಡುವ ಪುಟ್ಟ ಗ್ರಂಥಿ) ಇರಬಹುದು. ನಮ್ಮ ದೇಶದಲ್ಲಿ ಅದಕ್ಕೆ ಹಲ್ಲು, ಗಂಟಲಿನ ಸೋಂಕು, ಟಿಬಿ ಎಲ್ಲ ಕಾರಣ ಆಗಬಹುದು. ಕೆಲವೊಮ್ಮೆ ಥೈರಾಯ್ಡ್ ಕ್ಯಾನ್ಸರ್ ಮೊದಲು ಕಾಣಿಸಿಕೊಳ್ಳುವುದೂ ಅಲ್ಲೇ. ಎರಡು ಮೂರು ವಾರದಲ್ಲಿ ಕರಗದಿದ್ದರೆ ತೋರಿಸಿಬಿಡಿ.

ಒಂದು ಸಲ ನೋಡಿಕೊಂಡರೆ ಸಾಕು. ದಿನಾ ಒತ್ತಿ ಒತ್ತಿ ನೋಡುವುದರಿಂದ ಪ್ರಯೋಜನ ಇಲ್ಲ, ಕುತ್ತಿಗೆ ನೋಯುತ್ತದೆ, ಹೆದರಿಕೆ ಬೆಳೆಯುತ್ತದೆ.

ಹೆಜ್ಜೆ 2: ಎಷ್ಟು ಬೇಗ ಹೋಗಬೇಕು?

ಹೆಚ್ಚಿನ ಗಂಟುಗಳಿಗೆ ಇವತ್ತೇ ಓಡಬೇಕಾಗಿಲ್ಲ. ಒಂದೆರಡು ವಾರದೊಳಗೆ ತೋರಿಸಿದರೆ ಸಾಕು. ಆದರೆ ಉಸಿರಾಟ ಕಷ್ಟವಾದರೆ, ಉಸಿರೆಳೆದಾಗ ಸೀಟಿಯಂಥ ಸದ್ದು ಬಂದರೆ ಕಾಯಬೇಡಿ, ಆ ಕ್ಷಣವೇ ಎಮರ್ಜೆನ್ಸಿಗೆ ಹೋಗಿ. ವಯಸ್ಸಾದವರಲ್ಲಿ ಗಂಟು ವಾರ ವಾರಕ್ಕೆ ಕಣ್ಣಿಗೆ ಕಾಣುವ ಹಾಗೆ ದೊಡ್ಡದಾಗುತ್ತಿದ್ದರೆ ಅದನ್ನೂ ಒಂದು ದಿನ ಮುಂದೂಡಬೇಡಿ. ಅನಾಪ್ಲಾಸ್ಟಿಕ್ ಅನ್ನುವ ಅಪರೂಪದ, ತುಂಬಾ ವೇಗದ ಕ್ಯಾನ್ಸರ್ ಹಾಗೆ ಬರುತ್ತದೆ.

ಅನುಮಾನ ಹೆಚ್ಚಿಸುವ ಬೇರೆ ವಿಷಯಗಳೂ ಇವೆ. ನೆಗಡಿ ಕೆಮ್ಮು ಇಲ್ಲದೆ ದನಿ ಒಡೆದು ಮೂರು ವಾರ ದಾಟಿದ್ದರೆ. ಗಂಟು ಕಲ್ಲಿನ ಹಾಗೆ ಗಟ್ಟಿಯಾಗಿ, ಅಲುಗಾಡದೆ ಇದ್ದರೆ. ನುಂಗುವಾಗ ಅನ್ನ ಸಿಕ್ಕಿಕೊಂಡ ಹಾಗೆ ಆಗುತ್ತಿದ್ದರೆ. ಚಿಕ್ಕಂದಿನಲ್ಲಿ ಬೇರೆ ಕಾಯಿಲೆಗೆ ತಲೆ ಅಥವಾ ಕುತ್ತಿಗೆಗೆ ರೇಡಿಯೇಷನ್ ಚಿಕಿತ್ಸೆ ಆಗಿದ್ದರೆ. 1986ರ ಚೆರ್ನೋಬಿಲ್ ಅಣುಸ್ಥಾವರ ದುರಂತದ ನಂತರ ಆ ಭಾಗದ ಮಕ್ಕಳಲ್ಲಿ ಥೈರಾಯ್ಡ್ ಕ್ಯಾನ್ಸರ್ ಹೆಚ್ಚಾಯಿತು. ಬೆಳೆಯುವ ಗ್ರಂಥಿಗೆ ವಿಕಿರಣ ಎಷ್ಟು ಕೆಟ್ಟದ್ದು ಅಂತ ಅದು ತೋರಿಸಿಕೊಟ್ಟಿತು.

ಮನೆಯಲ್ಲಿ ಅಪ್ಪ ಅಮ್ಮ, ಅಣ್ಣ ತಮ್ಮ, ಅಕ್ಕ ತಂಗಿಯರಲ್ಲಿ ಯಾರಿಗಾದರೂ ಥೈರಾಯ್ಡ್ ಕ್ಯಾನ್ಸರ್ ಆಗಿತ್ತಾ ಅಂತ ವಿಚಾರಿಸಿಕೊಂಡು ಹೋಗಿ. ಮೆಡ್ಯುಲರಿ ಅನ್ನುವ ಒಂದು ಬಗೆ ನಾಲ್ಕರಲ್ಲಿ ಒಬ್ಬರಿಗೆ ವಂಶದಿಂದ ಬಂದಿರುತ್ತದೆ. ನಮ್ಮಲ್ಲಿ ಹಿರಿಯರ ಕಾಯಿಲೆಯ ಹೆಸರನ್ನು ಮುಚ್ಚಿಟ್ಟು "ಗಂಟಲು ಕೆಟ್ಟಿತ್ತು" ಅಂತಷ್ಟೇ ಹೇಳುವ ರೂಢಿ ಇದೆ. ಸ್ವಲ್ಪ ಒತ್ತಾಯ ಮಾಡಿಯಾದರೂ ಕೇಳಿ.

ಮಕ್ಕಳಲ್ಲಿ, ಹದಿಹರೆಯದವರಲ್ಲಿ ಗಂಟು ಅಪರೂಪ. ಸಿಕ್ಕಾಗ ಕ್ಯಾನ್ಸರ್ ಆಗಿರುವ ಸಾಧ್ಯತೆ ದೊಡ್ಡವರಿಗಿಂತ ಜಾಸ್ತಿ. ಗಂಡಸರದ್ದೂ ಹೆಚ್ಚುಕಮ್ಮಿ ಇದೇ ಕಥೆ. "ಥೈರಾಯ್ಡ್ ಹೆಂಗಸರ ಕಾಯಿಲೆ" ಅಂತ ಅವರು ತಳ್ಳಿಹಾಕಬಾರದು.

ರಾತ್ರೋರಾತ್ರಿ ಗಂಟು ಊದಿಕೊಂಡು ನೋವು ಶುರುವಾದರೆ ಜನ ತುಂಬಾ ಹೆದರುತ್ತಾರೆ. ಸಾಮಾನ್ಯವಾಗಿ ಅದು ಸಿಸ್ಟ್‌ನೊಳಗೆ ರಕ್ತ ಸುರಿದು ಆಗುವಂಥದ್ದು. ತೋರಿಸಿ, ಆದರೆ ಗಾಬರಿ ಬೇಡ. ಕ್ಯಾನ್ಸರ್ ಗಂಟು ಹೆಚ್ಚಾಗಿ ನೋಯುವುದಿಲ್ಲ. "ನೋವಿಲ್ಲ, ಹಾಗಾಗಿ ಏನಿಲ್ಲ" ಅನ್ನುವ ಲೆಕ್ಕ ಅದಕ್ಕೇ ತಪ್ಪು.

ಹೆಜ್ಜೆ 3: ಬೆಂಗಳೂರಿನಲ್ಲಿ ಎಲ್ಲಿಗೆ, ಯಾರ ಹತ್ತಿರ?

ಮೊದಲ ಭೇಟಿಗೆ ಕ್ಯಾನ್ಸರ್ ಆಸ್ಪತ್ರೆಯೇ ಬೇಕಾಗಿಲ್ಲ. ಜನರಲ್ ಸರ್ಜರಿ, ಇಎನ್‌ಟಿ ಅಥವಾ ಎಂಡೋಕ್ರೈನಾಲಜಿ (ಹಾರ್ಮೋನ್ ಕಾಯಿಲೆಗಳ) ಡಾಕ್ಟರ್ ಯಾರಾದರೂ ಆಗುತ್ತದೆ. ಸರ್ಕಾರಿ ಕಡೆ ಹೋಗುವವರಿಗೆ ಕೆ.ಆರ್. ಮಾರ್ಕೆಟ್ ಹತ್ತಿರದ ವಿಕ್ಟೋರಿಯಾ, ಶಿವಾಜಿನಗರದ ಬೌರಿಂಗ್, ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆ ಇವೆ. ಬೆಳಿಗ್ಗೆ ಬೇಗ ಹೋಗಿ ಚೀಟಿ ಮಾಡಿಸಿ. ಸೂಜಿ ಪರೀಕ್ಷೆಯಲ್ಲಿ (ಗಂಟಿನಿಂದ ಸೂಜಿಯಲ್ಲಿ ಜೀವಕೋಶ ತೆಗೆದು ನೋಡುವುದು) ಕ್ಯಾನ್ಸರ್ ಅಂತಲೋ ಬಲವಾದ ಅನುಮಾನ ಅಂತಲೋ ಬಂದರೆ ಆಗ ಹೊಸೂರು ರಸ್ತೆಯ ಕಿದ್ವಾಯಿ ಸಂಸ್ಥೆ ಇದೆ. 1973ರಿಂದ ರಾಜ್ಯದ ಮೂಲೆ ಮೂಲೆಯ ಕ್ಯಾನ್ಸರ್ ರೋಗಿಗಳು ಬಂದು ಸೇರುವ ಜಾಗ ಅದು.

ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ನೂರಕ್ಕೆ 30 ಭಾಗವನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಖಾಸಗಿ ಆಸ್ಪತ್ರೆಯಲ್ಲಿ ಈ ಸೌಲಭ್ಯ ಬೇಕಾದರೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಕೇಳುತ್ತಾರೆ. ಅಡ್ಮಿಟ್ ಆಗುವ ಮೊದಲೇ ರೆಫರಲ್ ಪತ್ರ, ರೇಷನ್ ಕಾರ್ಡ್, ಆಧಾರ್ ಕೈಯಲ್ಲಿ ಇರಲಿ. ನಾವು ಇದನ್ನು ಕೊನೆ ಗಳಿಗೆಯಲ್ಲಿ ತಿಳಿದುಕೊಂಡು ಎರಡು ದಿನ ಸುಮ್ನೆ ಅಲೆದೆವು.

ಹೆಜ್ಜೆ 4: ರಕ್ತ ಪರೀಕ್ಷೆ

ಟಿಎಸ್‌ಎಚ್ ಮಾಡಿಸಲೇಬೇಕು. ಅದು ಕ್ಯಾನ್ಸರ್ ಹುಡುಕಲು ಅಲ್ಲ, ಮುಂದಿನ ದಾರಿ ಆರಿಸಲು. ಟಿಎಸ್‌ಎಚ್ ತುಂಬಾ ಕಡಿಮೆ ಇದ್ದರೆ ಗಂಟೇ ಹಾರ್ಮೋನ್ ಜಾಸ್ತಿ ಮಾಡುತ್ತಿರಬಹುದು. ಆಗ ಥೈರಾಯ್ಡ್ ನ್ಯೂಕ್ಲಿಯರ್ ಸ್ಕ್ಯಾನ್ ಮಾಡುತ್ತಾರೆ. ಅದರಲ್ಲಿ "ಹಾಟ್", ಅಂದರೆ ಜಾಸ್ತಿ ಕೆಲಸ ಮಾಡುತ್ತಿದೆ ಅಂತ ಬಂದ ಗಂಟು ಕ್ಯಾನ್ಸರ್ ಆಗಿರುವುದು ಬಹಳ ಅಪರೂಪ. ಗರ್ಭಿಣಿಯರಿಗೆ ಈ ಸ್ಕ್ಯಾನ್ ಮಾಡುವುದಿಲ್ಲ. ಟಿಎಸ್‌ಎಚ್ ನಾರ್ಮಲ್ ಅಥವಾ ಜಾಸ್ತಿ ಇದ್ದರೆ ನ್ಯೂಕ್ಲಿಯರ್ ಸ್ಕ್ಯಾನ್ ಬೇಡ, ಕುತ್ತಿಗೆಯ ಅಲ್ಟ್ರಾಸೌಂಡ್ ನೋಡಿಕೊಂಡು ಮುಂದುವರಿಯುತ್ತಾರೆ.

ಕೂದಲು ಉದುರುತ್ತದೆ ಅಂತ ಬಯೋಟಿನ್ ಮಾತ್ರೆ ತಗೊಳ್ಳುತ್ತಿದ್ದೀರಾ? ಅದು ಥೈರಾಯ್ಡ್ ರಕ್ತ ಪರೀಕ್ಷೆಯ ಫಲಿತಾಂಶವನ್ನೇ ತಪ್ಪಾಗಿ ತೋರಿಸಬಲ್ಲದು. ಪರೀಕ್ಷೆಗೆ ಕಡಿಮೆ ಅಂದರೂ ಎರಡು ದಿನ ಮೊದಲು ನಿಲ್ಲಿಸಿ, ಡಾಕ್ಟರ್‌ಗೂ ಹೇಳಿ.

ಹೆಜ್ಜೆ 5: ಸ್ಕ್ಯಾನಿಂಗ್ ರಿಪೋರ್ಟ್ ಓದುವುದು

ಗಂಟಿನ ಬಗ್ಗೆ ನಿಜವಾದ ಮಾತು ಶುರುವಾಗುವುದು ಇಲ್ಲಿಂದ. ನೋವಿಲ್ಲ, ರೇಡಿಯೇಷನ್ ಇಲ್ಲ. ಕುತ್ತಿಗೆಗೆ ಜೆಲ್ ಹಚ್ಚಿ ಹದಿನೈದು ಇಪ್ಪತ್ತು ನಿಮಿಷ ನೋಡುತ್ತಾರೆ. ಗ್ರಂಥಿಯ ಜೊತೆಗೆ ಕುತ್ತಿಗೆಯ ಎರಡೂ ಕಡೆಯ ಲಿಂಫ್ ನೋಡ್‌ಗಳನ್ನೂ ನೋಡಬೇಕು. ರಿಪೋರ್ಟ್‌ನಲ್ಲಿ ಅದರ ಬಗ್ಗೆ ಏನೂ ಬರೆದಿಲ್ಲದಿದ್ದರೆ ಕೇಳಿ.

ರಿಪೋರ್ಟ್‌ನ ಕೊನೆಯಲ್ಲಿ ಟಿಐ-ರಾಡ್ಸ್ ಅಂತ ಒಂದರಿಂದ ಐದರವರೆಗಿನ ಅಂಕಿ ಇರುತ್ತದೆ. ಚಿಕ್ಕಮ್ಮನ ಮಗ ಅದನ್ನು ನೋಡಿ "ಅಕ್ಕಾ, ಸ್ಟೇಜ್ ಐದಾ?" ಅಂತ ಅಳುತ್ತಾ ಫೋನ್ ಮಾಡಿದ್ದ. ಅದು ಕ್ಯಾನ್ಸರ್‌ನ ಸ್ಟೇಜ್ ಅಲ್ಲವೇ ಅಲ್ಲ. ಗಂಟು ನೋಡಲು ಎಷ್ಟು ಅನುಮಾನ ಹುಟ್ಟಿಸುತ್ತದೆ ಅನ್ನುವ ಅಳತೆ, ಅಷ್ಟೇ. ಒಳಗೆ ನೀರಿದೆಯಾ ಗಟ್ಟಿಯಾಗಿದೆಯಾ, ಸುತ್ತಲಿಗಿಂತ ಕಪ್ಪಾಗಿ ಕಾಣುತ್ತಿದೆಯಾ, ಅಂಚು ನುಣುಪಾಗಿದೆಯಾ ಇಲ್ಲಾ ಹರಿದ ಹಾಗಿದೆಯಾ ಅಂತ ನೋಡಿ ಪಾಯಿಂಟ್ ಹಾಕುತ್ತಾರೆ. ಅಗಲಕ್ಕಿಂತ ಎತ್ತರ ಜಾಸ್ತಿ ಇರುವ ಗಂಟಿಗೆ ಮೂರು ಪಾಯಿಂಟ್. ಒಳಗೆ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆಗಳಿದ್ದರೆ ಇನ್ನೂ ಮೂರು. ಸ್ಪಂಜಿನ ಹಾಗೆ ಸಣ್ಣ ಸಣ್ಣ ತೂತು ತುಂಬಿದ ಗಂಟು, ಬರೀ ನೀರಿನ ಗಂಟು ನಿರಪಾಯ.

ಸೂಜಿ ಹಾಕಬೇಕಾ ಬೇಡವಾ ಅನ್ನುವುದಕ್ಕೆ ಈ ಅಂಕಿ ಮತ್ತು ಗಂಟಿನ ಗಾತ್ರ ಎರಡನ್ನೂ ಸೇರಿಸಿ ನೋಡಬೇಕು. ಅಮೆರಿಕದ ರೇಡಿಯಾಲಜಿ ಕಾಲೇಜಿನ 2017ರ ಪದ್ಧತಿಯನ್ನು ಇಲ್ಲೂ ಬಳಸುತ್ತಾರೆ. ಅದರ ಪ್ರಕಾರ ಒಂದು, ಎರಡು ಬಂದರೆ ಸೂಜಿ ಬೇಡ. ಮೂರು ಬಂದರೆ ಗಂಟು 2.5 ಸೆಂಟಿಮೀಟರ್ ಅಥವಾ ಹೆಚ್ಚಿದ್ದಾಗ. ನಾಲ್ಕಕ್ಕೆ 1.5 ಸೆಂಟಿಮೀಟರ್‌ನಿಂದ. ಐದಕ್ಕೆ 1 ಸೆಂಟಿಮೀಟರ್‌ನಿಂದ. ಅದಕ್ಕಿಂತ ಸ್ವಲ್ಪ ಸಣ್ಣವನ್ನು ಸೂಜಿ ಹಾಕದೆ ಆಗಾಗ ಸ್ಕ್ಯಾನ್ ಮಾಡಿ ನೋಡುತ್ತಾ ಇರುತ್ತಾರೆ. ರಿಪೋರ್ಟ್‌ನಲ್ಲಿ ಅಳತೆ ಮಿಲಿಮೀಟರ್‌ನಲ್ಲಿ ಇರಬಹುದು, 22 ಮಿಲಿಮೀಟರ್ ಅಂದರೆ 2.2 ಸೆಂಟಿಮೀಟರ್. ಇದನ್ನು ನೋಡಿಕೊಳ್ಳದೆ ಗಾಬರಿಯಾದವರನ್ನು ಕಂಡಿದ್ದೇನೆ.

ಚಿಕ್ಕಮ್ಮನದು 22 ಮಿಲಿಮೀಟರ್, ಟಿಐ-ರಾಡ್ಸ್ ಐದು.

ಆ ಭಯದಲ್ಲಿ ನಾನೂ ಹೋಗಿ ಸ್ಕ್ಯಾನ್ ಮಾಡಿಸಿಕೊಂಡೆ. ನನಗೆ ಯಾವ ತೊಂದರೆಯೂ ಇರಲಿಲ್ಲ, ಯಾರೂ ಬರೆದುಕೊಟ್ಟಿರಲಿಲ್ಲ. 9 ಮಿಲಿಮೀಟರ್‌ನ ಒಂದು ಗಂಟು ಸಿಕ್ಕಿತು, ಟಿಐ-ರಾಡ್ಸ್ ಮೂರು. ಮೂರು ರಾತ್ರಿ ನಿದ್ದೆ ಮಾಡಲಿಲ್ಲ. ಡಾಕ್ಟರ್ ನೋಡಿ, ಇದಕ್ಕೆ ಸೂಜಿಯೂ ಬೇಡ, ಮತ್ತೆ ಸ್ಕ್ಯಾನೂ ಬೇಡ ಅಂದರು. ನಾನು ಒಪ್ಪದೆ ವಾದ ಮಾಡಿದಾಗ ಅವರು ದಕ್ಷಿಣ ಕೊರಿಯಾದ ವಿಷಯ ಹೇಳಿದರು. ಅಲ್ಲಿ 1999ರ ನಂತರ ಕ್ಯಾನ್ಸರ್ ತಪಾಸಣೆಯ ಜೊತೆಗೆ ಸ್ವಲ್ಪ ಹಣ ಕೊಟ್ಟರೆ ಥೈರಾಯ್ಡ್ ಸ್ಕ್ಯಾನೂ ಮಾಡಲು ಶುರು ಮಾಡಿದರು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಅಂತ ಗುರುತಿಸುವ ಪ್ರಮಾಣ 1993ಕ್ಕಿಂತ 15 ಪಟ್ಟು ಏರಿತು. ಆದರೆ ಅದರಿಂದ ಸಾಯುವವರ ಪ್ರಮಾಣ ಬದಲಾಗಲೇ ಇಲ್ಲ. ಅಂದರೆ ಜೀವನವಿಡೀ ತೊಂದರೆ ಕೊಡದೆ ಇರಬಹುದಾಗಿದ್ದ ಸಣ್ಣ ಸಣ್ಣ ಗಂಟುಗಳಿಗಾಗಿ ಸಾವಿರಾರು ಜನ ಗ್ರಂಥಿಯನ್ನೇ ತೆಗೆಸಿಕೊಂಡರು.

ಬೆಂಗಳೂರಿನಲ್ಲಿ ಈಗ ಚೆಕಪ್ ಪ್ಯಾಕೇಜ್‌ಗಳಿಗೆ ಬರವಿಲ್ಲ. ಲಕ್ಷಣ ಇಲ್ಲ, ಕೈಗೆ ಗಂಟು ಸಿಗುತ್ತಿಲ್ಲ, ಮನೆಯಲ್ಲಿ ಯಾರಿಗೂ ಇಲ್ಲ, ರೇಡಿಯೇಷನ್ ಆಗಿಲ್ಲ ಅಂದರೆ ಥೈರಾಯ್ಡ್ ಸ್ಕ್ಯಾನ್ ಸೇರಿಸಿಕೊಳ್ಳಬೇಡಿ. ಗಂಟು ಕಂಡವರು ಸ್ಕ್ಯಾನ್ ತಪ್ಪಿಸಬೇಡಿ. ಈ ಎರಡೂ ತಪ್ಪು ನಮ್ಮ ಒಂದೇ ಮನೆಯಲ್ಲಿ ನಡೆದವು.

ಹೆಜ್ಜೆ 6: ಸೂಜಿ ಪರೀಕ್ಷೆ

ಎಫ್‌ಎನ್‌ಎಸಿ ಅನ್ನುತ್ತಾರೆ. ಜನ ಹೆಚ್ಚು ಹಿಂಜರಿಯುವುದು ಇಲ್ಲೇ. "ಸೂಜಿ ಚುಚ್ಚಿದ್ರೆ ಕ್ಯಾನ್ಸರ್ ಹರಡುತ್ತಂತೆ" ಅಂತ ನಮ್ಮ ಬೀದಿಯಲ್ಲೇ ನಾಲ್ಕು ಜನ ಹೇಳಿದರು. ಥೈರಾಯ್ಡ್ ಸೂಜಿ ಪರೀಕ್ಷೆಯಿಂದ ಹಾಗೆ ಆಗುವುದು ಅತಿ ಅಪರೂಪ. ಆ ಭಯಕ್ಕೆ ಪರೀಕ್ಷೆ ಬಿಟ್ಟರೆ ಆಗುವ ನಷ್ಟ ಬಹಳ ದೊಡ್ಡದು. ಸೂಜಿ ರಕ್ತ ತೆಗೆಯುವ ಸೂಜಿಯಷ್ಟೇ ಅಥವಾ ಅದಕ್ಕಿಂತ ತೆಳ್ಳಗಿರುತ್ತದೆ. ಮಲಗಿಸಿ, ಭುಜದ ಕೆಳಗೆ ದಿಂಬಿಟ್ಟು ಕುತ್ತಿಗೆ ಹಿಂದಕ್ಕೆ ಬಾಗಿಸುತ್ತಾರೆ. ಎರಡು ಮೂರು ಸಲ ಚುಚ್ಚಬಹುದು. ಚುಚ್ಚಿರುವಾಗ ನುಂಗಬಾರದು, ಮಾತಾಡಬಾರದು. ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಚಿಕ್ಕಮ್ಮ ಬಸ್ಸಿನಲ್ಲೇ ಮನೆಗೆ ಬಂದರು.

ಸ್ಕ್ಯಾನ್ ನೋಡಿಕೊಂಡೇ ಸೂಜಿ ಹಾಕುತ್ತೀರಾ ಅಂತ ಕೇಳಿ. ಕೈಯಂದಾಜಿನಲ್ಲಿ ಹಾಕಿದರೆ ಸರಿಯಾದ ಜಾಗಕ್ಕೆ ತಾಗದೆ ಮತ್ತೆ ಬರಬೇಕಾಗಬಹುದು. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ಹೇಳಿ, ಆದರೆ ನೀವಾಗಿಯೇ ನಿಲ್ಲಿಸಬೇಡಿ. ಗರ್ಭಿಣಿಯರಿಗೂ ಈ ಪರೀಕ್ಷೆ ಮಾಡಬಹುದು.

ಪರೀಕ್ಷೆಯ ಗಾಜಿನ ಸ್ಲೈಡ್‌ಗಳು ಲ್ಯಾಬ್‌ನಲ್ಲಿ ಇರುತ್ತವೆ. ಬೇರೆ ಆಸ್ಪತ್ರೆಗೆ ಹೋಗುವುದಾದರೆ ಅವನ್ನು ಕೇಳಿ ಪಡೆದುಕೊಳ್ಳಿ. ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಬರೀ ರಿಪೋರ್ಟ್ ನಂಬುವುದಿಲ್ಲ, ಸ್ಲೈಡ್ ಅನ್ನು ತಾವೇ ಮತ್ತೊಮ್ಮೆ ನೋಡುತ್ತಾರೆ. ಸ್ಲೈಡ್ ಇದ್ದರೆ ಎರಡನೇ ಸಲ ಚುಚ್ಚಿಸಿಕೊಳ್ಳುವುದು ತಪ್ಪಬಹುದು.

ಹೆಜ್ಜೆ 7: ಬೆಥೆಸ್ಡಾ ಒಂದರಿಂದ ಆರು

ಸೂಜಿಯ ರಿಪೋರ್ಟ್‌ನಲ್ಲಿ, ಜೀವಕೋಶಗಳನ್ನು ನೋಡಿ ಕೊಡುವ ಬೆಥೆಸ್ಡಾ ಅನ್ನುವ ಇನ್ನೊಂದು ಅಂಕಿ ಬರುತ್ತದೆ. ಇದೂ ಸ್ಟೇಜ್ ಅಲ್ಲ. ಟಿಐ-ರಾಡ್ಸ್ ಅಂಕಿಯ ಜೊತೆ ಕಲಸಿಕೊಳ್ಳಬೇಡಿ.

ಒಂದು ಅಂದರೆ ಸಾಕಷ್ಟು ಜೀವಕೋಶ ಸಿಕ್ಕಿಲ್ಲ, ಮತ್ತೆ ಮಾಡಬೇಕು. ಇದನ್ನು "ಏನೂ ಸಿಗಲಿಲ್ಲ, ಹಾಗಾಗಿ ಏನೂ ಇಲ್ಲ" ಅಂತ ಓದಿಕೊಂಡು ಸುಮ್ಮನಾಗುವವರು ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎರಡು ಬಂದರೆ ಕ್ಯಾನ್ಸರ್ ಅಲ್ಲದ ಗಂಟು. ತಪ್ಪಾಗಿರುವ ಸಾಧ್ಯತೆ ನೂರಕ್ಕೆ ನಾಲ್ಕರಷ್ಟು, ಅದಕ್ಕೇ ಒಂದೆರಡು ವರ್ಷದ ನಂತರ ಮತ್ತೊಮ್ಮೆ ಸ್ಕ್ಯಾನ್ ಮಾಡಿ ಬೆಳೆದಿದೆಯಾ ಅಂತ ನೋಡುತ್ತಾರೆ. ಸ್ಕ್ಯಾನ್‌ನಲ್ಲಿ ಅನುಮಾನ ಜಾಸ್ತಿ ಇದ್ದು ಸೂಜಿಯಲ್ಲಿ ಎರಡು ಬಂದರೆ ಅಷ್ಟು ಕಾಯುವುದಿಲ್ಲ, ಸೂಜಿ ಮತ್ತೆ ಹಾಕುತ್ತಾರೆ.

ಐದು ಅಂದರೆ ಬಲವಾದ ಅನುಮಾನ, ಕ್ಯಾನ್ಸರ್ ಇರುವ ಸಾಧ್ಯತೆ ನೂರಕ್ಕೆ ಸುಮಾರು 74. ಆರು ಅಂದರೆ ಕ್ಯಾನ್ಸರ್, ನೂರಕ್ಕೆ 97. ಇವು 2023ರ ಪರಿಷ್ಕೃತ ಪಟ್ಟಿಯ ಸರಾಸರಿ ಲೆಕ್ಕ.

ಕಷ್ಟ ಇರುವುದು ನಡುವಿನ ಮೂರು ಮತ್ತು ನಾಲ್ಕರಲ್ಲಿ. ಮೂರರಲ್ಲಿ ಕ್ಯಾನ್ಸರ್ ಇರುವ ಸಾಧ್ಯತೆ ನೂರಕ್ಕೆ ಸುಮಾರು 22, ನಾಲ್ಕರಲ್ಲಿ 30. ಡಾಕ್ಟರ್ "ಖಚಿತವಾಗಿ ಹೇಳೋಕಾಗಲ್ಲ" ಅಂದಾಗ ಅವರಿಗೆ ಗೊತ್ತಿಲ್ಲ ಅಂತ ಸಿಟ್ಟಾಗಬೇಡಿ. ಫಾಲಿಕ್ಯುಲರ್ ಅನ್ನುವ ಬಗೆಯ ಗಂಟಿಗೆ ಸುತ್ತ ಒಂದು ಪೊರೆ ಇರುತ್ತದೆ. ಜೀವಕೋಶಗಳು ಆ ಪೊರೆ ದಾಟಿ ಹೊರಗೆ ನುಗ್ಗಿದ್ದರೆ ಕ್ಯಾನ್ಸರ್, ಒಳಗೇ ಇದ್ದರೆ ಅಲ್ಲ. ಸೂಜಿಯಲ್ಲಿ ಬರುವುದು ಬಿಡಿ ಜೀವಕೋಶಗಳು ಮಾತ್ರ, ಪೊರೆ ಬರುವುದಿಲ್ಲ. ಹಾಗಾಗಿ ಎಷ್ಟು ಸಲ ಚುಚ್ಚಿದರೂ ಕೆಲವರಿಗೆ ಉತ್ತರ ಸಿಗದು. ಮೂರು ಬಂದರೆ ಸಾಮಾನ್ಯವಾಗಿ ಸೂಜಿ ಮತ್ತೊಮ್ಮೆ. ನಾಲ್ಕು ಬಂದರೆ ಹೆಚ್ಚಾಗಿ ಗಂಟಿರುವ ಅರ್ಧ ಗ್ರಂಥಿ ತೆಗೆದು ಪೂರ್ತಿ ಪರೀಕ್ಷೆಗೆ ಕಳಿಸುತ್ತಾರೆ. ಜೀನ್ ಪರೀಕ್ಷೆಯೂ ಇದೆ, ದುಬಾರಿ.

ಈ ಹಂತದಲ್ಲಿ ಇನ್ನೊಬ್ಬ ಡಾಕ್ಟರ್ ಅಭಿಪ್ರಾಯ ಕೇಳುವುದು ತಪ್ಪಲ್ಲ. ಅದಕ್ಕೆ ಸಮಯವೂ ಇರುತ್ತದೆ.

ಕ್ಯಾನ್ಸರ್ ಅಲ್ಲ ಅಂದರೆ

ಬಿಟ್ಟುಬಿಡಿ, ಹೇಳಿದ ಹೊತ್ತಿಗೆ ಸ್ಕ್ಯಾನ್ ಮಾಡಿಸಿ. ಗಂಟು ಕರಗಲಿ ಅಂತ ಥೈರಾಯ್ಡ್ ಮಾತ್ರೆ ಕೊಡುವುದು ಹಳೆಯ ಪದ್ಧತಿ, ಈಗ ಟಿಎಸ್‌ಎಚ್ ಸರಿ ಇರುವವರಿಗೆ ಅದನ್ನು ಶಿಫಾರಸು ಮಾಡುವುದಿಲ್ಲ. ಗಂಟು ದೊಡ್ಡದಾಗಿ ಉಸಿರಿಗೋ ನುಂಗುವುದಕ್ಕೋ ಅಡ್ಡ ಬಂದರೆ ಆಪರೇಷನ್ ಮಾಡುತ್ತಾರೆ. ಎಲೆಕೋಸು, ಹೂಕೋಸು ಬೇಯಿಸಿ ತಿನ್ನಲು ಹೆದರಬೇಡಿ. ಉಪ್ಪು ಅಯೋಡಿನ್ ಇರುವುದೇ ಇರಲಿ. ಮಲೆನಾಡು, ಕೊಡಗಿನ ಕಡೆ ಹಿಂದೆ ಗಳಗಂಡ ಜಾಸ್ತಿ ಇತ್ತು, ಅದನ್ನು ತಗ್ಗಿಸಿದ್ದು ಈ ಉಪ್ಪೇ. ಆದರೆ ಈಗ ಆಗಿರುವ ಗಂಟು ಉಪ್ಪಿನಿಂದ ಕರಗುವುದಿಲ್ಲ, ಜಾಸ್ತಿ ಹಾಕಿಕೊಳ್ಳಬೇಡಿ. ನಾಟಿ ಔಷಧಿ, ಲೇಪ ಅಂತ ಯಾರಾದರೂ ಹೇಳಿದರೆ ನನ್ನ ಮಾತು ಒಂದೇ, ಮೊದಲು ಸೂಜಿ ಪರೀಕ್ಷೆ ಆಗಲಿ.

ಕ್ಯಾನ್ಸರ್ ಅಂತಲೇ ಬಂದರೆ

ಚಿಕ್ಕಮ್ಮನಿಗೆ ಬೆಥೆಸ್ಡಾ ಆರು ಬಂತು. ಪ್ಯಾಪಿಲ್ಲರಿ ಅನ್ನುವ ಬಗೆ. ಆ ಸಂಜೆ ಅವರು ಏನೂ ಮಾತಾಡಲಿಲ್ಲ, ಮನೆಯಲ್ಲಿ ದೀಪ ಹಚ್ಚಿ ಬಂದು ಕೂತರು. ಆಮೇಲೆ "ಎಷ್ಟು ದಿನ ಅಂತೆ?" ಅಂತ ಕೇಳಿದರು. ನನಗೆ ಗಂಟಲು ಕಟ್ಟಿತು. ಮರುದಿನ ಅದೇ ಪ್ರಶ್ನೆಯನ್ನು ಸರ್ಜನ್ ಎದುರು ಇಟ್ಟಾಗ ಅವರು ಕುರ್ಚಿ ಹತ್ತಿರ ಎಳೆದುಕೊಂಡು, "ಅಮ್ಮಾ, ದಿನ ಎಣಿಸೋ ಕಾಯಿಲೆ ಅಲ್ಲ ಇದು" ಅಂದರು.

ಥೈರಾಯ್ಡ್ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪ್ಯಾಪಿಲ್ಲರಿ. ನಿಧಾನವಾಗಿ ಬೆಳೆಯುತ್ತದೆ. ಗ್ರಂಥಿಯೊಳಗೇ ಇರುವಾಗ ಸಿಕ್ಕರೆ ಐದು ವರ್ಷ ಬದುಕುವವರ ಪ್ರಮಾಣ ನೂರಕ್ಕೆ 99ಕ್ಕಿಂತ ಮೇಲೆ. ಕುತ್ತಿಗೆಯ ನೋಡ್‌ಗೆ ಹೋಗಿದ್ದರೂ ಹೆಚ್ಚಿನವರು ಚೆನ್ನಾಗಿ ಬಾಳುತ್ತಾರೆ. 1 ಸೆಂಟಿಮೀಟರ್‌ಗಿಂತ ಸಣ್ಣ, ಹರಡದ ಪ್ಯಾಪಿಲ್ಲರಿ ಕ್ಯಾನ್ಸರ್‌ಗೆ ಕೆಲವರಲ್ಲಿ ಆಪರೇಷನ್ನೂ ಮಾಡದೆ ಬರೀ ಸ್ಕ್ಯಾನ್ ಮಾಡುತ್ತಾ ನೋಡಿಕೊಳ್ಳುತ್ತಾರೆ. ಜಪಾನಿನ ಕೋಬೆಯ ಕುಮಾ ಆಸ್ಪತ್ರೆಯಲ್ಲಿ 1993ರಿಂದಲೇ ಇದು ನಡೆಯುತ್ತಿದೆ.

ಆಪರೇಷನ್‌ಗೆ ಮುಂಚೆ ಈ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ. ಅರ್ಧ ಗ್ರಂಥಿ ತೆಗೆದರೆ ಸಾಲದೇ, ಪೂರ್ತಿ ಯಾಕೆ? ನೀವು ವರ್ಷಕ್ಕೆ ಎಷ್ಟು ಥೈರಾಯ್ಡ್ ಆಪರೇಷನ್ ಮಾಡುತ್ತೀರಿ? ದನಿಯ ನರ ಮತ್ತು ಕ್ಯಾಲ್ಸಿಯಂ ನೋಡಿಕೊಳ್ಳುವ ಪುಟ್ಟ ಗ್ರಂಥಿಗಳನ್ನು ಹೇಗೆ ಉಳಿಸುತ್ತೀರಿ? ಎರಡನೇ ಪ್ರಶ್ನೆ ಕೇಳಲು ಸಂಕೋಚ ಆಗುತ್ತದೆ. ಆದರೂ ಕೇಳಿ. ಕೈ ಪಳಗಿದ ಸರ್ಜನ್ ಹತ್ತಿರ ದನಿ ಕೆಡುವುದು, ಕ್ಯಾಲ್ಸಿಯಂ ಇಳಿಯುವುದು ಕಡಿಮೆ.

ಆಪರೇಷನ್ ಆದ ಮೇಲೆ ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮುಗುಟ್ಟಿದರೆ ತಕ್ಷಣ ನರ್ಸ್‌ಗೆ ಹೇಳಿ, ಅದು ಕ್ಯಾಲ್ಸಿಯಂ ಕಡಿಮೆಯಾದ ಗುರುತು. ಕುತ್ತಿಗೆ ದಿಢೀರ್ ಊದಿ ಉಸಿರು ಕಟ್ಟಿದಂತಾದರೆ ಕೂಗಿ ಕರೆಯಿರಿ. ಕೆಲವರಿಗೆ ನಂತರ ರೇಡಿಯೋ ಅಯೋಡಿನ್ ಬೇಕಾಗುತ್ತದೆ. ನುಂಗುವ ಔಷಧಿ ಅದು. ಕೆಲವು ದಿನ ಪ್ರತ್ಯೇಕ ಕೋಣೆಯಲ್ಲಿ ಇರಬೇಕು, ಮಕ್ಕಳು ಮತ್ತು ಗರ್ಭಿಣಿಯರಿಂದ ದೂರ. ಕೂದಲು ಉದುರಿಸುವ ಕೀಮೋ ಥೆರಪಿ ಇದಲ್ಲ.

ಪೂರ್ತಿ ಗ್ರಂಥಿ ತೆಗೆದವರಿಗೆ ಜೀವನವಿಡೀ ಥೈರಾಕ್ಸಿನ್ ಮಾತ್ರೆ. ಬರೀ ಹೊಟ್ಟೆಯಲ್ಲಿ ನೀರಿನ ಜೊತೆ ತಗೊಂಡು, ಕಾಫಿಗೆ ಅರ್ಧದಿಂದ ಒಂದು ಗಂಟೆ ಕಾಯಬೇಕು. ಕಾಫಿ ಆ ಮಾತ್ರೆಯನ್ನು ಸರಿಯಾಗಿ ಮೈಗೆ ಹತ್ತಲು ಬಿಡುವುದಿಲ್ಲ. ಕಬ್ಬಿಣಾಂಶ, ಕ್ಯಾಲ್ಸಿಯಂ ಮಾತ್ರೆ ಇದ್ದರೆ ನಾಲ್ಕು ಗಂಟೆ ಅಂತರ ಇರಲಿ. ಎದ್ದ ಕೂಡಲೇ ಫಿಲ್ಟರ್ ಕಾಫಿ ಕುಡಿಯುವ ನಲವತ್ತು ವರ್ಷದ ಅಭ್ಯಾಸ ಬಿಡುವುದು ಚಿಕ್ಕಮ್ಮನಿಗೆ ಆಪರೇಷನ್‌ಗಿಂತ ಕಷ್ಟ ಆಯಿತು. ಈಗ ಐದೂವರೆಗೆ ಅಲಾರಂ ಇಟ್ಟು ಮಾತ್ರೆ ನುಂಗುತ್ತಾರೆ, ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟು ಬರುವಷ್ಟರಲ್ಲಿ ಕಾಫಿ ಹೊತ್ತು ಆಗಿರುತ್ತದೆ.